ಗಿರಣಿಯಲ್ಲಿ ಸತ್ತವರು

ದುಮ್ಮವಾಡದಲ್ಲಿ ಆಗ ಎರಡು ಹಿಟ್ಟಿನ ಗಿರಣಿಗಳಿದ್ದವು. ಒಂದು ಮಡಿವಾಳೆಪ್ಪನದು, ಇನ್ನೊಂದು ಕುಬೇರಪ್ಪನದು. ನುಣ್ಣಗಿನ ಹಿಟ್ಟು ಬೇಕಾದರೆ ಮಡಿವಾಳೆಪ್ಪನ ಗಿರಣಿಗೇ ಹೋಗಬೇಕೆಂಬುದು ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವರು ಕುಬೇರಪ್ಪನ ಗಿರಣಿಗೇ ಹೋಗುತ್ತಿದ್ದರು. ಅವನ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಅಂಚು ಹರಿಯುತ್ತಿತ್ತು, ಬಾಯಿಗಿಟ್ಟರೆ ಹಲ್ಲಿಗೆ ನುಚ್ಚು ಸಿಗುತ್ತಿತ್ತು. ಗಂಡಸರು ಊಟಕ್ಕೆ ಕೂತಾಗ ಗೊಣಗುತ್ತಿದ್ದರು. ಹಾಗೆ ಗೊಣಗಿದವರೇ ಮರುದಿನ ಜೋಳದ ಡಬ್ಬಿ ಹೊತ್ತುಕೊಂಡು ಅದೇ ಗಿರಣಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವರಿಗೆ ಬೇಕಾದದ್ದು ಹಿಟ್ಟಲ್ಲ, ಸಿನಿಮಾದ ಕೊನೆ.

ಈ ಕೊನೆಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಬ್ಬಳ್ಳಿಯಿಂದ ದುಮ್ಮವಾಡಕ್ಕೆ ಕೊನೆಯ ಬಸ್ಸು ಸಂಜೆ ಆರಕ್ಕೇ ಹೊರಟುಬಿಡುತ್ತಿತ್ತು. ಮ್ಯಾಟಿನಿ ಬಿಡುತ್ತಿದ್ದದ್ದು ಅದಾದ ಮೇಲೆ. ಬೆಳಗಿನ ಹೊತ್ತೆಲ್ಲ ಪೇಟೆಯ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮ್ಯಾಟಿನಿ ಬಿಟ್ಟರೆ ಬೇರೆ ಗತಿಯೂ ಇರಲಿಲ್ಲ. ತೆರೆಯ ಮೇಲೆ ಖಳನಾಯಕ ನಾಯಕನ ತಾಯಿಯನ್ನು ಕಂಬಕ್ಕೆ ಕಟ್ಟಿ ಗಹಗಹಿಸಿ ನಗುವ ಹೊತ್ತಿಗೆ ಸರಿಯಾಗಿ ದುಮ್ಮವಾಡದವರು ಕತ್ತಲಲ್ಲಿ ಚಪ್ಪಲಿ ತಡಕಾಡಿ, ಪಕ್ಕದವರಿಂದ ಬೈಸಿಕೊಂಡು, ಬಸ್‌ಸ್ಟ್ಯಾಂಡಿಗೆ ಓಡಬೇಕಾಗುತ್ತಿತ್ತು. ಹೀಗಾಗಿ ಆ ಊರಲ್ಲಿ ಸಿನಿಮಾ ನೋಡಿದವರು ಬೇಕಾದಷ್ಟು ಜನ ಇದ್ದರು, ಸಿನಿಮಾದ ಕೊನೆ ನೋಡಿದವರು ಒಬ್ಬರೂ ಇರಲಿಲ್ಲ.

ಆ ಕೊರತೆಯನ್ನು ತುಂಬಿದವನು ಕುಬೇರಪ್ಪ. ಕಲಘಟಗಿಯ ಬಸ್‌ಸ್ಟ್ಯಾಂಡಿನಿಂದ ಸಿನಿಮಾ ವಾರಪತ್ರಿಕೆ ತರಿಸುತ್ತಿದ್ದವನು ಊರಿಗೆ ಅವನೊಬ್ಬನೇ. ಯಾವ ನಿರ್ಮಾಪಕ ಯಾವ ನಟನ ಮೇಲೆ ಮುನಿಸಿಕೊಂಡ, ಯಾವ ನಟಿ ಶೂಟಿಂಗಿನಲ್ಲಿ ಕಾಲು ಉಳುಕಿಸಿಕೊಂಡಳು, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಪತ್ರಿಕೆಯಲ್ಲಿ ಯಾವ ಸಿನಿಮಾದ ಕೊನೆಯನ್ನೂ ಬರೆದಿರುತ್ತಿರಲಿಲ್ಲ. ಆದರೂ ಕುಬೇರಪ್ಪ ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಗಿರಣಿಯ ಸದ್ದಿಗಿಂತ ಮೇಲೆ ದನಿ ಎತ್ತಿ ಕೊನೆ ಹೇಳುತ್ತಿದ್ದ. ಇವನೂ ನಮ್ಮ ಜೊತೆಗೇ ಚಪ್ಪಲಿ ಹುಡುಕಿಕೊಂಡು ಓಡಿದವನಲ್ಲವೇ, ಇವನಿಗೆ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಲಿಲ್ಲ. ಪತ್ರಿಕೆ ಓದುವವನಿಗೆ ಗೊತ್ತಿರುತ್ತದೆ ಎಂದು ಜನ ನಂಬಿದ್ದರು. ಪಾಪ, ಜನ.

ಕೊನೆಯಲ್ಲಿ ಯಾರಾದರೂ ಸತ್ತರೆ ಜನ ಹೆಚ್ಚು ಹೊತ್ತು ಕೂಡುತ್ತಾರೆ ಎಂಬುದನ್ನು ಕುಬೇರಪ್ಪ ಬೇಗ ಕಂಡುಕೊಂಡ. ಕಂಡುಕೊಂಡ ಮೇಲೆ ಕೈ ಬಿಗಿಹಿಡಿಯಲಿಲ್ಲ. ತಂಗಿಯರನ್ನು ಹೊಳೆಗೆ ತಳ್ಳಿದ, ಇನ್‌ಸ್ಪೆಕ್ಟರುಗಳಿಗೆ ಗುಂಡು ಹೊಡೆಸಿದ. ಎಲ್ಲಕ್ಕಿಂತ ಮೇಲಾಗಿ, ಮೂರು ವರ್ಷದ ಹಿಂದೆ ಲಾರಿ ಡ್ರೈವರನ ಕಥೆಯ ಒಂದು ಹಿಂದಿ ಸಿನಿಮಾದಲ್ಲಿ ನಾಯಕನ ತಾಯಿಯನ್ನು, ಬಳೆ ಮಾರಿ ಮಗನನ್ನು ಸಾಕಿದ ಆ ಮುದುಕಿಯನ್ನು, ಮಗನ ತೊಡೆಯ ಮೇಲೆ ಮಲಗಿಸಿ, ನಾಲ್ಕು ಮಾತು ಆಡಿಸಿ ಸಾಯಿಸಿದ. ಆ ದಿನ ಗಿರಣಿಯಲ್ಲಿ ಅಳದವರಿಲ್ಲ. ಮಲ್ಲಕ್ಕನೆಂಬ ಮುದುಕಿಯಂತೂ ತನ್ನ ಸ್ವಂತ ನಾದಿನಿ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಆಕೆ ಆ ತಾಯಿಯ ಹೆಸರಿನಲ್ಲಿ ಒಂದು ಹೊತ್ತು ಉಪವಾಸ ಮಾಡಿದಳು. ಆ ವಾರ ಮಡಿವಾಳೆಪ್ಪ ತನ್ನ ಗಿರಣಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿರುವಾಗ ಖಾತುನಬಿಯ ಮಗ ಅಲ್ಲಾಸಾಬ ಮಸ್ಕತ್ತಿನಿಂದ ಬಂದ.

ಅವನ ಹೆಂಡತಿ ಗಂಡುಮಗು ಹೆತ್ತಿದ್ದಳು. ಕಲಘಟಗಿಯಿಂದ ಬಣ್ಣದ ತೊಟ್ಟಿಲು ಬಂದಿತ್ತು, ಸೋಮವಾರ ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಅಲ್ಲಾಸಾಬ ತಂದ ಸಾಮಾನಿನಲ್ಲಿ ಒಂದು ಚಪ್ಪಟೆ ಯಂತ್ರವಿತ್ತು, ಜೊತೆಗೆ ರೊಟ್ಟಿಯ ಹಂಚಿನಷ್ಟು ಅಗಲವಾದ ಎರಡು ಬೆಳ್ಳಿಬಣ್ಣದ ತಾಟುಗಳಿದ್ದವು. ಇದು ಲೇಸರ್ ಡಿಸ್ಕು, ಇದರಲ್ಲಿ ಸಿನಿಮಾ ಇದೆ ಎಂದು ಅವನು ಹೇಳಿದ. ಯಾರಿಗೂ ತಿಳಿಯಲಿಲ್ಲ. ಆದ್ದರಿಂದ ಎಲ್ಲರೂ ಕುಬೇರಪ್ಪನನ್ನು ಕರೆಸಿದರು.

ಕುಬೇರಪ್ಪ ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದ. ಡಿಸ್ಕಿನ ಬಗ್ಗೆ ಅವನು ಪತ್ರಿಕೆಯಲ್ಲಿ ಅರ್ಧ ಪುಟ ಓದಿದ್ದ. ಅಷ್ಟು ಸಾಕಾಯಿತು.

"ನೋಡ್ರಿ, ಇಷ್ಟು ದಿವಸ ಮನ್ಯಾಗ ಸಿನಿಮಾ ನೋಡೂದಂದ್ರ ಕ್ಯಾಸೆಟ್ಟು. ಅದರಾಗ ಎರಡು ಜಾತಿ. ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದರ ಮಶೀನಿನ್ಯಾಗ ದೊಡ್ಡದು ಹೋಗೂದಿಲ್ಲ, ದೊಡ್ಡದರಾಗ ಸಣ್ಣದು ಕೂಡೂದಿಲ್ಲ. ಇಬ್ರಿಗೂ ಬೀಗತನಾನ ಆಗೂದಿಲ್ಲ. ಸಾಲದ್ದಕ್ಕ ಒಳಗ ಟೇಪು, ಸಿಕ್ಕೋತೈತಿ, ಹರೀತೈತಿ. ಇದು ಹಂಗಲ್ಲ. ಇದನ್ನ ಬೆಳಕು ಓದತೈತಿ!"

"ಬೆಳಕು ಓದತೈತಿ ಅಂದ್ರ ಸಾಲೀಗೆ ಹೋಗೇತೇನೋ?" ಎಂದಳು ಮಲ್ಲಕ್ಕ.

"ನಿನಗ ತಿಳಿಯೂದಿಲ್ಲ ಬಿಡಬೇ. ಇದರ ಮ್ಯಾಲ ಎಣ್ಣಿ ಬೀಳಲಿ, ಅರಿಷಿಣ ಬೀಳಲಿ, ಅರವಿಲೆ ಒರಸಿದ್ರ ಮತ್ತ ಹೊಸಾದು. ಈ ತಾಟಿನ ಎರಡೂ ಮಗ್ಗಲಕ್ಕ ಸಿನಿಮಾ ಇರತೈತಿ. ಒಂದು ಮಗ್ಗಲ ಮುಗದ ಮ್ಯಾಲ ರೊಟ್ಟಿ ತಿರುವಿದಂಗ ತಿರುವಿ ಹಾಕೂದು."

ಎಲ್ಲರೂ ತಲೆದೂಗಿದರು. ಕುಬೇರಪ್ಪ ಆ ತಲೆದೂಗಾಟದ ಮೇಲೆಯೇ ಕವರನ್ನು ಕೈಗೆತ್ತಿಕೊಂಡು ಚಿತ್ರ ನೋಡಿದ. ಚಿತ್ರದಲ್ಲಿ ಒಂದು ಲಾರಿ ಇತ್ತು. ಲಾರಿಯ ಮುಂದೆ ಬಳೆಯ ಬುಟ್ಟಿ ಹಿಡಿದ ಒಬ್ಬ ಮುದುಕಿ ನಿಂತಿದ್ದಳು. ಅವನು ಗಕ್ಕನೆ ಕವರನ್ನು ಮಗುಚಲು ಹೋದ.

"ಅಯ್ಯ ಶಿವನ! ಆಕಿ ಅಲ್ಲೇನೋ ಇದು? ಆ ತಾಯಿ?" ಎಂದು ಮಲ್ಲಕ್ಕ ಕವರನ್ನು ಕಸಿದುಕೊಂಡು ಎದೆಗೆ ಒತ್ತಿಕೊಂಡಳು. "ಆಕೀ ಜೀವ ಹೋಗೂದನ್ನ ನಾ ಕಣ್ಣಾರೆ ನೋಡ್ಲಿಲ್ಲಲಾ ಅಂತ ಮೂರು ವರ್ಷದಿಂದ ಮರುಗಾಕತ್ತೇನಿ. ಸೋಮಾರ ನಾನಽ ಮುಂದ ಕೂಡ್ತೇನಿ ನೋಡ್ರಿ!"

ಎಲ್ಲ ಹೆಂಗಸರೂ ಮುಂದೆಯೇ ಕೂಡುವುದೆಂದು ಅಲ್ಲೇ ತೀರ್ಮಾನವಾಯಿತು. ಪಂಚಾಯ್ತಿ ಚೇರ್ಮನ್ ಶಂಭುಲಿಂಗಪ್ಪನವರು ತಮ್ಮ ಮನೆಯ ಬಣ್ಣದ ಟೀವಿ ಕೊಡಲು ಒಪ್ಪಿದರು. "ಎಲ್ಲಾರೂ ಕರವಸ್ತ್ರ ತರ್ರಿ," ಎಂದು ಅವರು ಅಪ್ಪಣೆ ಮಾಡಿದರು.

ಅಲ್ಲಾಸಾಬ ಎರಡೂ ತಾಟುಗಳನ್ನು ಕವರಿಗೆ ಹಾಕಿ ಕುಬೇರಪ್ಪನ ಕೈಗಿಟ್ಟ. "ಕಾಕಾ, ಮನ್ಯಾಗ ಮಂದಿ ಭಾಳ, ಯಾರರ ತುಳದಾರು. ಇದರ ಕಿಮ್ಮತ್ತು ಊರಾಗ ನಿಮಗೊಬ್ರಿಗೇ ಗೊತ್ತು. ಸೋಮಾರ ನೀವ ತರ್ರಿ."

ಕುಬೇರಪ್ಪನಿಗೆ ಆ ದಿನ ಊಟ ಸೇರಲಿಲ್ಲ. ತಾಯಿ ನಿಜವಾಗಿ ಸತ್ತಿದ್ದರೆ? ಸತ್ತಿದ್ದರೆ ಒಳ್ಳೆಯದೇ. ಸಿನಿಮಾ ತಾಯಂದಿರು ಸಾಮಾನ್ಯವಾಗಿ ಸಾಯುವವರೇ. ಆದರೆ ಸಾಯದಿದ್ದರೆ? ಒಂದು ಕೊನೆ ಸುಳ್ಳಾದರೆ ಉಳಿದ ಎಲ್ಲ ಕೊನೆಗಳೂ ಸುಳ್ಳೆಂದು ಜನಕ್ಕೆ ಗೊತ್ತಾಗುತ್ತದೆ. ಆಮೇಲೆ ಅವನ ಗಿರಣಿಯಲ್ಲಿ ಉಳಿಯುವುದು ಬರೀ ಹಿಟ್ಟು. ಆ ಹಿಟ್ಟು ಎಂಥದೆಂದು ಅವನಿಗೇ ಗೊತ್ತಿತ್ತು.

ಒಂದು ತಾಟಿನ ಎರಡು ಮಗ್ಗಲಿಗೆ ಸಿನಿಮಾದ ಬಹುಪಾಲು ಮುಗಿಯುತ್ತದೆ, ಕೊನೆ ಇರುವುದು ಎರಡನೆಯ ತಾಟಿನಲ್ಲಿ ಎಂದು ಅವನಿಗೆ ಹೊಳೆದದ್ದು ಬೆಳಿಗ್ಗೆ ಮುಖ ತೊಳೆಯುವಾಗ. ಹೊಳೆದ ಕೂಡಲೇ ಒದ್ದೆ ಮುಖದಲ್ಲೇ ಒಳಗೆ ಹೋಗಿ, ಎರಡನೆಯ ತಾಟನ್ನು ಕವರಿನಿಂದ ತೆಗೆದು, ಅಡುಗೆಮನೆಯ ಜೋಳದ ಕಣಜದಲ್ಲಿ ಮೊಣಕೈವರೆಗೆ ಕೈಯಿಟ್ಟು ಹುಗಿದ. ಆಮೇಲೆ ಅಲ್ಲಾಸಾಬನ ಹತ್ತಿರ ಹೋಗಿ, ಮುಖವನ್ನು ಆಸ್ಪತ್ರೆಯ ಡಾಕ್ಟರನ ಹಾಗೆ ಗಂಭೀರ ಮಾಡಿಕೊಂಡು ಹೇಳಿದ: "ಅಲ್ಲಾಸಾಬ, ಎರಡನೇ ತಾಟಿಗೆ ಒಂದು ಗೀರು ಬಿದ್ದೈತೆಪಾ. ಹಾಕಿದಿ ಅಂದ್ರ ಮಶೀನು ಸುಟ್ಟಽ ಹೋಗತೈತಿ."

"ಹೌದ್ರಿ? ಹಂಗಾರ ಬ್ಯಾಡ್ರಿ ಕಾಕಾ, ಬ್ಯಾಡಽ ಬ್ಯಾಡ್ರಿ!" ಎಂದ ಅಲ್ಲಾಸಾಬ. "ಮತ್ತ ಕೊನಿ?"

"ಕೊನಿ ನಾ ಹೇಳ್ತೇನಲ್ಲ!"

ಇಷ್ಟಕ್ಕೆ ಸುಮ್ಮನಾಗಿದ್ದರೆ ಕುಬೇರಪ್ಪ ಉಳಿದುಕೊಳ್ಳುತ್ತಿದ್ದ. ಆದರೆ ಅವನು ಹೆಂಡತಿಯ ಒಂದು ಮಾತು ಮರೆತಿದ್ದ. ತೊಟ್ಟಿಲ ಕಾರ್ಯಕ್ಕೆ ಉಡುಗೊರೆ ಕೊಡಲು ಕಲಘಟಗಿಯಿಂದ ಒಂದು ಸ್ಟೀಲ್ ತಾಟು ತರಬೇಕೆಂದು ನೀಲಕ್ಕ ವಾರದಿಂದ ಹೇಳುತ್ತಿದ್ದಳು. ಅವನು "ಹೂಂ" ಎನ್ನುತ್ತಿದ್ದ. ಮದುವೆಯಾದಾಗಿನಿಂದ ಅವನು "ಹೂಂ" ಎಂದದ್ದು ಯಾವುದೂ ಮನೆಗೆ ಬಂದಿರಲಿಲ್ಲ.

ಸೋಮವಾರ ಮಧ್ಯಾಹ್ನ ಖಾತುನಬಿಯ ಪಡಸಾಲೆಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದರು. ತೊಟ್ಟಿಲ ಶಾಸ್ತ್ರ ಸಂಜೆಗೆ, ಅಲ್ಲಿಯವರೆಗೆ ಸಿನಿಮಾ. ಟೀವಿಗೆ ಹೂವಿನ ಹಾರ ಹಾಕಿ ನೆರೆಮನೆಯ ಬಸಕ್ಕ ಕಾಯಿ ಒಡೆದಳು, ಎದುರುಮನೆಯ ಜುಲೇಖಾಬಿ ಊದುಬತ್ತಿ ಹಚ್ಚಿದಳು. ಮಲ್ಲಕ್ಕ ಎಲ್ಲರಿಗಿಂತ ಮುಂದೆ, ಮೂಗು ಟೀವಿಗೆ ತಾಗುವಷ್ಟು ಹತ್ತಿರ ಕೂತಳು. ಬಾಗಿಲ ಹತ್ತಿರ ಮಡಿವಾಳೆಪ್ಪನೂ ಬಂದು ನಿಂತಿದ್ದ. ದಿನಾ ಮಧ್ಯಾಹ್ನ ತಪ್ಪದೆ ಹೋಗುತ್ತಿದ್ದ ಕರೆಂಟು ಆ ದಿನ ಹೋಗಲಿಲ್ಲ. ಹೋಗಬೇಡ ಎಂದಾಗ ಹೋಗುತ್ತದೆ, ಹೋಗಲಿ ಎಂದಾಗ ಕಲ್ಲಿನ ಹಾಗೆ ನಿಲ್ಲುತ್ತದೆ ಎಂದು ಕುಬೇರಪ್ಪ ಮನಸ್ಸಿನಲ್ಲೇ ಶಪಿಸಿದ.

ಮೊದಲ ಮಗ್ಗಲು ಮುಗಿಯಿತು. ಕುಬೇರಪ್ಪ ಎದ್ದು ತಾಟನ್ನು ತಿರುವಿ ಹಾಕಿದ. ಎಲ್ಲರೂ ಉಸಿರು ಹಿಡಿದು ನೋಡಿದರು, ಚೇರ್ಮನ್ನರು ಚಪ್ಪಾಳೆ ತಟ್ಟಿದರು. ಎರಡನೆಯ ಮಗ್ಗಲೂ ಮುಗಿಯುತ್ತ ಬಂತು. ಖಳನಾಯಕ ತಾಯಿಯನ್ನು ಕಂಬಕ್ಕೆ ಕಟ್ಟಿದ, ಪಿಸ್ತೂಲು ತೆಗೆದ, ಗಹಗಹಿಸಿದ. ದುಮ್ಮವಾಡದ ಜನಕ್ಕೆ ಅಭ್ಯಾಸಬಲ, ನಾಲ್ಕೈದು ಮಂದಿ ಚಪ್ಪಲಿ ಹುಡುಕಲು ಎದ್ದರು. ಅಷ್ಟರಲ್ಲಿ ಟೀವಿ ನೀಲಿಯಾಯಿತು.

"ಇನ್ನೊಂದು ತಾಟಿಗೆ ಗೀರು ಬಿದ್ದೈತಿ," ಎಂದ ಕುಬೇರಪ್ಪ ಎದ್ದು ನಿಂತು. "ಇರಲಿ. ಕೊನಿ ನಾ ಹೇಳ್ತೇನಿ. ಕೇಳ್ರಿ."

ಜನ ಅಂಥ ಬೇಸರವನ್ನೇನೂ ಮಾಡಿಕೊಳ್ಳಲಿಲ್ಲ. ಅವರಿಗೆ ರೂಢಿಯಾಗಿತ್ತು. ಕುಬೇರಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಅವನು ಎಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಗುಂಡು ಹಾರಿತು. ತಾಯಿ ಕುಸಿದಳು. ಬಳೆಗಳು ಚೂರುಚೂರಾದವು. ಮಗ ಲಾರಿಯಿಂದ ಜಿಗಿದು ಬಂದು ಅವಳನ್ನು ತೊಡೆಯ ಮೇಲೆ ಹಾಕಿಕೊಂಡ. ಮಲ್ಲಕ್ಕ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದಳು. ಖಾತುನಬಿ ಮೊಮ್ಮಗನನ್ನು ಅಪ್ಪಿಕೊಂಡು ಅತ್ತಳು. ಚೇರ್ಮನ್ನರು ತಾವೇ ಅಪ್ಪಣೆ ಮಾಡಿದ್ದ ಕರವಸ್ತ್ರವನ್ನು ಮರೆತು ಬಂದಿದ್ದರಿಂದ ಧೋತರದ ತುದಿಯಲ್ಲಿ ಮೂಗು ಒರೆಸಿಕೊಂಡರು. "ಆಗ ಆಕಿ ಮಗನ ಗದ್ದ ಹಿಡದು ಹೇಳ್ತಾಳ, ಯಪ್ಪಾ, ನಾ ಹೋಗ್ತೇನಿ..."

"ಅಲ್ರೀ!" ಎಂಬ ದನಿ ಬಾಗಿಲಿನಿಂದ ಕೇಳಿತು.

ನೀಲಕ್ಕ ಬಂದಿದ್ದಳು. ಅಡುಗೆ ಮುಗಿಸಿ, ಸೀರೆ ಉಟ್ಟು, ಉಡುಗೊರೆ ಹಿಡಿದು. ಕೈಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ತಾಟು. ತಾಟಿನ ಮೇಲೆ ಅಕ್ಕಿ, ಅಕ್ಕಿಯ ಮೇಲೆ ಕುಪ್ಪಸದ ಖಣ, ಖಣದ ಮೇಲೆ ತೆಂಗಿನಕಾಯಿ, ಸುತ್ತ ಅರಿಷಿಣ ಕುಂಕುಮ.

"ಒಂದು ತಾಟು ತರ್ರಿ ಅಂದ್ರ ತಂದು ಜೋಳದ ಕಣಜದಾಗ ಮುಚ್ಚಿಡೂದೇನ್ರಿ? ತಂದೇನಿ ಅಂತ ಬಾಯಿಬಿಟ್ಟು ಹೇಳಾಕ ಬರೂದಿಲ್ಲ? ಅದೂ ಎಂಥಾ ತಾಟು! ನಡಬರಕ ತೂತು! ಅಂಗಡಿಯಾಂವ ಇವರ ಮುಖಾ ನೋಡಿ ತೂತಿನ ತಾಟು ತಗದು ಕೊಟ್ಟಾನ, ಇವ್ರು ಕಣ್ಣು ಮುಚಗೊಂಡು ತಂದಾರ. ನಾ ತೂತಿನ ಮ್ಯಾಲ ಎಲಿ ಹಚ್ಚಿ ಅಕ್ಕಿ ಹಾಕೇನಿ, ಇಲ್ಲಾಂದ್ರ ದಾರಿ ತುಂಬ ಸೋರತಿದ್ದೂ. ತಗೋಬೇ ಖಾತುನಬಿ, ತಪ್ಪು ತಿಳೀಬ್ಯಾಡ, ನಮ್ಮ ಮನೀಯವ್ರ ಬುದ್ಧಿ ಇಷ್ಟಽ."

ತಾಯಿ ಇನ್ನೂ ಪೂರ್ತಿ ಸತ್ತಿರಲಿಲ್ಲ, ಕುಬೇರಪ್ಪನ ಬಾಯಿ ಅರ್ಧ ತೆರೆದೇ ಇತ್ತು. ಅಲ್ಲಾಸಾಬ ಮೆಲ್ಲಗೆ ಎದ್ದು ಬಂದು, ಕಾಯಿ ತೆಗೆದು, ಖಣ ತೆಗೆದು, ಅಕ್ಕಿಯನ್ನು ಅವ್ವನ ಸೆರಗಿಗೆ ಸುರಿದು, ತಾಟನ್ನು ಬಾಗಿಲ ಬೆಳಕಿಗೆ ಹಿಡಿದ.

"ಕಾಕಾ, ಗೀರು ಎಲ್ಲೈತ್ರಿ?"

"ಸಣ್ಣದೈತಿ. ಕಣ್ಣಿಗೆ ಕಾಣೂದಿಲ್ಲ."

"ಕಾಣದ ಗೀರಿಗೆ ಕಣಜದಾಗ ಯಾಕ ಇಟ್ರಿ?"

"ಜೋಳದಾಗ ಇಟ್ರ... ಮಾಗತೈತಿ ಅಂತ," ಎಂದುಬಿಟ್ಟ ಕುಬೇರಪ್ಪ.

"ಮಾವಿನಕಾಯಿ ಐತೇನ್ರಿ ಅದು?" ಎಂದ ಮಡಿವಾಳೆಪ್ಪ ಬಾಗಿಲಿನಿಂದ. ವರ್ಷಗಳ ನಂತರ ಅವನ ಮುಖದಲ್ಲಿ ಒಂದು ನಗು ಮೂಡಿತು.

"ಈಗ ಹಾಕಾಕ ಬರೂದಿಲ್ಲ! ಅರಿಷಿಣ ಹತ್ತೇತಿ, ಕುಂಕುಮ ಹತ್ತೇತಿ, ಕೆಟ್ಟಽ ಹೋತದು!" ಎಂದು ಕುಬೇರಪ್ಪ ಕೂಗಿದ.

"ಎಣ್ಣಿ ಬಿದ್ರೂ, ಅರಿಷಿಣ ಬಿದ್ರೂ ಒರಸಿದ್ರ ಮತ್ತ ಹೊಸಾದು ಅಂತ ನೀನಽ ಹೇಳಿದೆಲ್ಲೋ!" ಎಂದಳು ಮಲ್ಲಕ್ಕ. ಸೆರಗಿನ ಒಣಗಿದ ತುದಿಯನ್ನು ಆಕೆಯೇ ಮುಂದೆ ಚಾಚಿದಳು. ಅಲ್ಲಾಸಾಬ ತಾಟನ್ನು ಒರೆಸಿ ಯಂತ್ರಕ್ಕೆ ಹಾಕಿದ. ಕುಬೇರಪ್ಪ ಮಸ್ಕತ್ತನ್ನೂ ಡಿಸ್ಕನ್ನೂ ಅದನ್ನು ಕಂಡುಹಿಡಿದವನನ್ನೂ ಬೈದುಕೊಳ್ಳುತ್ತ ಕಂಬಕ್ಕೆ ಒರಗಿದ. ಕಟ್ಟಿಹಾಕಿದ ತಾಯಿಯ ಹಾಗೆಯೇ ಕಾಣುತ್ತಿದ್ದ.

ಗುಂಡು ಹಾರಿತು. ತಾಯಿ ಕುಸಿದಳು. ಕುಬೇರಪ್ಪನಿಗೆ ಜೀವ ಬಂತು. "ನೋಡ್ರಿ! ನಾ ಹೇಳ್ಲಿಲ್ಲಾ?" ಎಂದು ಎರಡು ಹೆಜ್ಜೆ ಮುಂದೆ ಬಂದ. ಮಗ ಓಡಿಬಂದು ಅವಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡ. "ಹಾ! ಹಾ! ತೊಡಿ ಮ್ಯಾಲ!" ಎಂದ ಕುಬೇರಪ್ಪ. ತಾಯಿ ಕಣ್ಣು ತೆರೆದಳು. ಗುಂಡು ಅವಳ ಸೊಂಟದ ತಗಡಿನ ಎಲೆ ಅಡಿಕೆ ಡಬ್ಬಿಗೆ ಬಡಿದಿತ್ತು. ಅವಳು ಎದ್ದಳು. ಎದ್ದವಳೇ ಹೋಗಿ ಖಳನಾಯಕನ ಕೆನ್ನೆಗೆ ಎರಡು ಬಿಟ್ಟಳು. ಪೊಲೀಸರು ಬಂದರು. ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ನಕ್ಕರು. ಸಿನಿಮಾ ಮುಗಿಯಿತು.

ದುಮ್ಮವಾಡ ಮೊದಲ ಸಲ ಒಂದು ಸಿನಿಮಾದ ಕೊನೆ ನೋಡಿತ್ತು. ಮಲ್ಲಕ್ಕ ನಿಧಾನಕ್ಕೆ ತಿರುಗಿದಳು.

"ಲೇ ಕುಬೇರ್ಯಾ. ಬದುಕಿದಾಕೀನ್ನ ಮೂರು ವರ್ಷ ಸಾಯಿಸಿ ಇಟ್ಟಿದ್ಯಲ್ಲೋ!"

"ಮಲ್ಲಕ್ಕಾ, ನಾ ಹೇಳೂದು ಇಲ್ಲಿ ಕೇಳಬೇ..."

"ಏನ ಕೇಳ್ಲಿ? ಆಕೀ ಹೆಸರಿಲೆ ಉಪಾಸ ಮಾಡೇನಿ! ಬದುಕಿದ್ದಾರ ಹೆಸರಿಲೆ ಉಪಾಸ ಮಾಡಿದ್ರ ಎಷ್ಟು ಪಾಪ ಗೊತ್ತೈತೇನ?"

"ಮತ್ತ ಆ ಹೊಳಿಗೆ ಬಿದ್ದ ತಂಗಿ?" ಎಂದು ಬಸಕ್ಕ ಎದ್ದು ನಿಂತಳು. "ಆಕೀನೂ ಬದುಕ್ಯಾಳೇನು?"

"ಆ ಇನ್‌ಸ್ಪೆಕ್ಟರ? ಮದುವಿ ಹಿಂದಿನ ದಿವಸ ಗುಂಡು ಬಿತ್ತಂದಿ?"

"ಆ ಕುಂಟ ಮಾಸ್ತರ? ಅಂವಗ ಎರಡು ಹೆಣ್ಣಮಕ್ಕಳಿದ್ದೂ!"

ಕುಬೇರಪ್ಪನ ತಾಳ್ಮೆ ತಪ್ಪಿತು. "ನನಗೇನ್ ಗೊತ್ತು? ನಾನೂ ನಿಮ್ಮ ಕೂಡನಽ ಬಸ್ಸಿಗೆ ಓಡಿದವನಲ್ಲ! ಕೊನಿ ಹೇಳು, ಕೊನಿ ಹೇಳು ಅಂತ ಜೀವಾ ತಿಂತಿದ್ರಿ. ಒಬ್ಬರನ್ನ ಸಾಯಿಸಿದ್ರ ಚಲೋ ಆತು ಅಂತಿದ್ರಿ, ಇಬ್ರನ್ನ ಸಾಯಿಸಿದ್ರ ಭಾಳ ಚಲೋ ಆತು ಅಂತಿದ್ರಿ. ನಾ ಎಷ್ಟ ಮಂದೀನ್ನಂತ ಬದುಕಿಸ್ಲಿ?"

ಅಲ್ಲಿಯೇ ಪಂಚಾಯ್ತಿ ಸೇರಿತು. ಚೇರ್ಮನ್ ಶಂಭುಲಿಂಗಪ್ಪನವರು ಒದ್ದೆಯಾದ ಧೋತರದ ತುದಿಯನ್ನು ಹಿಂಡುತ್ತ ಬಹಳ ಹೊತ್ತು ಯೋಚಿಸಿದರು. ಕೊಲೆಗೆ ಶಿಕ್ಷೆ ಉಂಟು, ಆದರೆ ಸತ್ತವರು ಸಿನಿಮಾದವರು. ಸುಳ್ಳಿಗೆ ದಂಡ ಉಂಟು, ಆದರೆ ಖಾತುನಬಿಯ ಸಂಭ್ರಮದ ದಿನ ದಂಡ ಹಾಕುವುದು ಸರಿಯಲ್ಲ. ಕೊನೆಗೆ ಅವರು ತೀರ್ಪು ಕೊಟ್ಟರು: "ಕುಬೇರಪ್ಪಾ, ನೀ ಯಾರ್ಯಾರನ್ನ ಸಾಯಿಸಿದೆಯೋ ಎಲ್ಲಾರನ್ನೂ ಗಿರಣಿಯೊಳಗ, ಮಂದಿ ಮುಂದ, ಬದುಕಿಸಬೇಕು. ಇನ್ನ ಮ್ಯಾಲೂ ಯಾರನ್ನೂ ಸಾಯಿಸಬಾರದು. ಏನಂತೀ?"

"ಹೂಂ," ಎಂದ ಕುಬೇರಪ್ಪ. ಈ ಸಲದ "ಹೂಂ" ತಪ್ಪಿಸಿಕೊಳ್ಳುವಂತಿರಲಿಲ್ಲ, ಊರೆಲ್ಲ ಕೇಳಿತ್ತು.

ಮರುದಿನದಿಂದ ಗಿರಣಿಯಲ್ಲಿ ಸತ್ತವರು ಏಳತೊಡಗಿದರು. ಹೊಳೆಗೆ ಬಿದ್ದ ತಂಗಿಗೆ ಈಜು ಬರುತ್ತಿತ್ತು. ಇನ್‌ಸ್ಪೆಕ್ಟರನ ಗುಂಡು ತೋಳಿಗೆ ಸವರಿ ಹೋಗಿತ್ತು. ಕುಂಟ ಮಾಸ್ತರನನ್ನು ಆಸ್ಪತ್ರೆಗೆ ಸೇರಿಸಿದ್ದರು, ಅವನ ಕಾಲೂ ನೆಟ್ಟಗಾಯಿತು. ಮೊದಲ ದಿನ ಜನ ಕುಣಿದರು. ಬಸಕ್ಕ ಸಕ್ಕರೆ ಹಂಚಿದಳು. ಎರಡನೆಯ ದಿನವೂ ಬಂದರು. ಹೊಸ ಸಿನಿಮಾಗಳಲ್ಲೂ ಕುಬೇರಪ್ಪ ಎಲ್ಲರನ್ನೂ ಕಾಪಾಡಿದ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ. ಮೂರನೆಯ ವಾರದ ಹೊತ್ತಿಗೆ ಕೇಳುವವರು ಆಕಳಿಸತೊಡಗಿದರು. ಯಾರೋ ಒಬ್ಬರು, "ಹಿಟ್ಟಿನ್ಯಾಗ ಭಾಳ ನುಚ್ಚೈತಿ," ಎಂದರು. ಕುಬೇರಪ್ಪನ ಗಿರಣಿಯಲ್ಲಿ ಆ ಮಾತು ಯಾರೂ ಎಂದೂ ಆಡಿರಲಿಲ್ಲ.

ಒಂದು ಬೆಳಿಗ್ಗೆ ಮಲ್ಲಕ್ಕ ಡಬ್ಬಿ ಹೊತ್ತುಕೊಂಡು ಅವನ ಕಟ್ಟೆಯ ಮುಂದಿನಿಂದಲೇ ಹಾದು ಹೋದಳು. ನಿಲ್ಲಲಿಲ್ಲ.

"ಯಾಕಬೇ ಮಲ್ಲಕ್ಕಾ, ಎತ್ತಾಗ ಹೊಂಟಿ?"

"ಮಡಿವಾಳೆಪ್ಪನ ಗಿರಣಿಗೆ."

"ಹಿಟ್ಟು ನುಣ್ಣಗೈತಿ ಅಂತೇನು?"

"ಹಿಟ್ಟಿನ ಸುದ್ದಿ ಬಿಡೋ. ಅಂವಾ ಈಗ ಸಿನಿಮಾ ಹೇಳಾಕತ್ಯಾನ. ನಿನ್ನಿ ಒಂದರಾಗ ಅವ್ವ, ತಂಗಿ ಇಬ್ರೂ ಸತ್ರಂತ. ಖಾತುನಬಿ ಹೇಳಿದ್ಳು, ಅತ್ತೂ ಅತ್ತೂ ಆಕೀ ಕಣ್ಣು ಬಾತಾವ. ಇವತ್ತು ಒಬ್ಬ ಡಾಕ್ಟರ ಸಾಯಾಂವ ಅದಾನಂತ. ನಾ ಹೋಗ್ತೇನಿ, ಹೊತ್ತಾತು."

"ಮಲ್ಲಕ್ಕಾ! ಅದು ಸುಳ್ಳಬೇ! ಅವನೂ ಬಸ್ಸಿಗೆ ಓಡಿ ಬಂದಾಂವನಽ!"

"ಸುಳ್ಳಂತ ನನಗೂ ಗೊತ್ತಿಲ್ಲೇನೋ? ಆದ್ರ ನೀ ಎಲ್ಲಾರನ್ನೂ ಬದುಕಿಸಿ ಇಟ್ರ ನಾವು ಅಳೂದ್ಯಾವಾಗ?" ಎಂದು ಮಲ್ಲಕ್ಕ ತಲೆಯ ಮೇಲಿನ ಡಬ್ಬಿ ಅಲುಗದಂತೆ ನಡೆದುಬಿಟ್ಟಳು.

ಕುಬೇರಪ್ಪ ಅವಳು ಮರೆಯಾಗುವವರೆಗೆ ನೋಡಿದ. ಖಾಲಿ ಕಟ್ಟೆಯನ್ನು ನೋಡಿದ. ಮಡಿವಾಳೆಪ್ಪನ ಗಿರಣಿಯ ಕಡೆಯಿಂದ ಯಾರೋ ಜೋರಾಗಿ ಅಳುವುದು ಕೇಳಿಸಿತು. ಚೇರ್ಮನ್ನರ ತೀರ್ಪು ಇನ್ನೂ ಜಾರಿಯಲ್ಲೇ ಇತ್ತು. ಅವನು ಅತ್ತ ಇತ್ತ ನೋಡಿದ, ಗಿರಣಿ ಶುರುಮಾಡಿದ, ದಾರಿಯವರಿಗೆಲ್ಲ ಕೇಳುವಂತೆ ದನಿ ಎತ್ತಿ ಕೂಗಿದ: "ಬರ್ರಿ, ಬರ್ರಿ! ಆ ಇನ್‌ಸ್ಪೆಕ್ಟರ ತೋಳಿನ ಗಾಯಕ್ಕ ನಂಜಾಗಿ ಇವತ್ತು ಬೆಳಿಗ್ಗೆ ತೀರಿಕೊಂಡಾ!"